ಕ್ಲಚ್ ಕವರಿನ ಮೂರು ಸ್ಕ್ರೂ

ಗೋಕಾಕಿನ ಒಂದು ಕಣ್ಣಿನ ದವಾಖಾನೆಯಲ್ಲಿ ಅಜಿತ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ. ಎ.ಸಿ. ನೀರು ಸೋರಿದರೂ ಅವನೇ, ಆಪರೇಷನ್ ಕೋಣೆಯ ದೀಪ ಮಿಣುಕಿದರೂ ಅವನೇ. ದೊಡ್ಡ ಡಾಕ್ಟರರಿಂದ ಹಿಡಿದು ಕಸ ಹೊಡೆಯುವ ಅಕ್ಕವ್ವನವರೆಗೂ ಏನಾದರೂ ಕೆಟ್ಟರೆ "ಅಜಿತನ್ನ ಕರೀರಿ" ಎನ್ನುತ್ತಿದ್ದರು. ಕೆಲಸ ಬಲ್ಲವನೆಂದು ಹೆಸರಿತ್ತು. ಆದರೆ ಒಂದು ಮಾತು ಯಾರಿಗೂ ಗೊತ್ತಿರಲಿಲ್ಲ. ಬಿಗಿಯಾಗಿ ಕೂತ ಸ್ಕ್ರೂ ಬಿಚ್ಚುವ ಮುಂಚೆ ಅವನ ಬಲಗೈ ಒಂದು ಗಳಿಗೆ ಹಿಂಜರಿಯುತ್ತಿತ್ತು. ಹೊರಗಿನವರಿಗೆ ಅದು ಜೋಪಾನದ ಕೈಯಂತೆ ಕಾಣುತ್ತಿತ್ತು. ಅವನಿಗೆ ಮಾತ್ರ ಅದು ಅಂಜಿಕೆ ಎಂದು ಗೊತ್ತಿತ್ತು.

ಆ ವರ್ಷ ಬೇಸಿಗೆ ಆಗಷ್ಟೇ ಕಾಲಿಡುತ್ತಿದ್ದಾಗ ಆಪರೇಷನ್ನಿನ ಸೂಕ್ಷ್ಮದರ್ಶಕ ಒಮ್ಮೆಲೇ ಕೈಕೊಟ್ಟಿತು. ಜಪಾನಿನಲ್ಲಿ ಮಾಡಿದ್ದು. ಅದನ್ನು ರಿಪೇರಿ ಮಾಡಲು ಬೆಳಗಾವಿಯಿಂದ ಸುಮನ್ ಎಂಬ ಇಂಜಿನಿಯರ್ ಬಂದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೂದಲು ಗಂಟು ಕಟ್ಟಿ, ತೋಳು ಮಡಿಚಿಕೊಂಡೇ ಒಳಗೆ ಬಂದಳು. ಅವಳು ಚೀಲ ಬಿಚ್ಚುವುದರೊಳಗೆ ಹಿಂದಿನ ಮುಚ್ಚಳವನ್ನಾದರೂ ತೆಗೆದಿಡೋಣವೆಂದು ಅಜಿತ ತನ್ನ ಸ್ಟಾರ್ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ.

"ತಡೀರಿ, ತಡೀರಿ! ಅದನ್ನ ಹಚ್ಚಬ್ಯಾಡ್ರಿ" ಎಂದಳು ಸುಮನ್.

ಬಿಸಿ ಮುಟ್ಟಿದವನ ಹಾಗೆ ಅಜಿತ ಕೈ ಹಿಂದಕ್ಕೆಳೆದುಕೊಂಡ. ಅವನ ಮುಖ ನೋಡಿ ಅವಳಿಗೇ ಕಸಿವಿಸಿಯಾಯಿತು.

"ನಿಮ್ಮ ಕೈ ಬಗ್ಗೆ ಅಲ್ರಿ ನಾ ಅಂದದ್ದು. ಸ್ಕ್ರೂಡ್ರೈವರ್ ಬಗ್ಗೆ. ಇಲ್ನೋಡ್ರಿ." ಅವಳು ಮೊಬೈಲಿನ ಬ್ಯಾಟರಿ ಹಚ್ಚಿ ಸ್ಕ್ರೂವಿನ ತಲೆಯ ಮೇಲೆ ಬೆಳಕು ಬಿಟ್ಟಳು. "ಇಲ್ಲೊಂದು ಸಣ್ಣ ಚುಕ್ಕಿ ಕಾಣತೈತಿಲ್ಲ? ಇದು ಜಪಾನ್ ಅಳತಿ ಸ್ಕ್ರೂ. ನಾವು ಅಂಗಡ್ಯಾಗ ತರೋ ಸ್ಟಾರ್ ಬ್ಯಾರೆ, ಇದು ಬ್ಯಾರೆ. ನೋಡಾಕ ಎರಡೂ ಅವಳಿ ಜವಳಿ ಅನ್ನಂಗ ಇರ್ತಾವ. ಆದ್ರ ನಮ್ಮ ಸ್ಟಾರ್‌ದ ಮೂತಿ ಒಂಚೂರು ಉದ್ದ. ತುದಿ ಹೋಗಿ ತಳಕ್ಕ ತಾಗಿ ನಿಂತಬಿಡತೈತಿ, ಬಾಜೂದ ಗ್ವಾಡಿ ಹಿಡಿಯೂದಿಲ್ಲ. ನೀವು ಜೋರ್ ಮಾಡಿ ತಿರುವಿದಷ್ಟೂ ಮ್ಯಾಲ ಎದ್ದು ಬಂದು ಸ್ಕ್ರೂದ ತಲಿ ತಿಂತೈತಿ."

ತನ್ನ ಚೀಲದಿಂದ ಬೇರೊಂದನ್ನು ತೆಗೆದು ಇಟ್ಟಳು. ಅದು ತಲೆಯೊಳಗೆ ಇಳಿದು ಅಲ್ಲಾಡದೆ ಕೂತಿತು. ಕೈ ಬಿಟ್ಟರೂ ಬೀಳಲಿಲ್ಲ. ಒತ್ತಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಸ್ಕ್ರೂ ಸುಮ್ಮನೆ ಮಾತು ಕೇಳಿತು.

ಅಜಿತ ಬಗ್ಗಿ ಆ ಚುಕ್ಕಿಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಕೇಳಿದ: "ಮೇಡಂ, ಗಾಡಿಗೂ ಹಿಂಗ ಏನ್ರಿ? ಹಳೇ ಯಮಹಾ ಇರ್ತಾವಲ್ರಿ, ಅದರ ಇಂಜಿನ್ ಮ್ಯಾಲಿನ ಸ್ಕ್ರೂ?"

"ಹೂಂನ್ರಿ. ಹಳೇ ಜಪಾನ್ ಗಾಡಿ ಎಲ್ಲಾವಕ್ಕೂ ಇದ ಕತಿ. ಒಮ್ಮೊಮ್ಮೆ ಚುಕ್ಕಿ ಇರಂಗಿಲ್ಲ ನೋಡ್ರಿ, ಆದ್ರೂ ಸ್ಕ್ರೂ ಅದ ಇರತೈತಿ. ಮಂದಿ ಸುಮ್ಮನ ಲೋಹ ಮೆತ್ತಗೈತಿ ಅಂತಾರ, ಇಲ್ಲಾ ಬಿಚ್ಚಿದವಗ ಕೆಲಸ ಬರಂಗಿಲ್ಲ ಅಂತಾರ."

ಅಜಿತ ಎದ್ದು ಹೊರಗೆ ಹೋಗಿ ವರಾಂಡದ ನಳದಲ್ಲಿ ಮುಖ ತೊಳೆದುಕೊಂಡ.

ಅವನ ಮನಸ್ಸು ಮೇಲವಂಕಿಯ ಒಂದು ದನದ ಕೊಟ್ಟಿಗೆಗೆ ಹೋಗಿ ನಿಂತಿತ್ತು.

ಅಜಿತ ಅಂಕಲಗಿಯ ಊರಾಚೆಯ ಕೇರಿಯವನು. ಅಪ್ಪ ಉದ್ದಪ್ಪ, ಅವ್ವ ಇಂದ್ರವ್ವ ಇಬ್ಬರೂ ಕಂಡವರ ಹೊಲದಲ್ಲಿ ದುಡಿದು ಅವನನ್ನು ಗೋಕಾಕಿನ ಕಾಲೇಜಿಗೆ ಹಾಕಿದ್ದರು. ಅಲ್ಲಿ ಅವನ ಬೆಂಚಿಗೆ ಬಂದು ಕೂತವನು ಮೇಲವಂಕಿಯ ಶಿವಾನಂದ, ಕಬ್ಬಿನ ಗದ್ದೆಯಿದ್ದ ಮನೆಯ ಹುಡುಗ. ಇಬ್ಬರಿಗೂ ಗಾಡಿಯ ಹುಚ್ಚು. ಕೊನೆಯ ವರ್ಷ ಇಬ್ಬರೂ ಕೂಡಿ ಮೂಡಲಗಿಯ ಒಬ್ಬರಿಂದ ಹಳೆಯ ಯಮಹಾ ಒಂದನ್ನು ಕೊಂಡರು. ಒಂದು ವಾರ ಅದು ಅಂಕಲಗಿಯಲ್ಲಿ, ಒಂದು ವಾರ ಮೇಲವಂಕಿಯಲ್ಲಿ. ಊರ ಮಂದಿ ನಗುತ್ತಿದ್ದರು: ಒಂದು ಸೊಸೆ, ಎರಡು ಅತ್ತೆಮನೆ ಎಂದು. ರವಿವಾರ ಬಂತೆಂದರೆ ಶಿವಾನಂದನ ಕೊಟ್ಟಿಗೆಯಲ್ಲಿ ಗಾಡಿ ಬಿಚ್ಚಿಕೊಂಡು ಕೂರುವುದು. ಶಿವಾನಂದನ ಅವ್ವ ಮರೆವ್ವ ಇಬ್ಬರಿಗೂ ಒಟ್ಟಿಗೇ ಬಿಸಿ ರೊಟ್ಟಿ ಬಡಿಸುತ್ತಿದ್ದಳು. ಅಪ್ಪ ಮಾಳಪ್ಪ ಮಾತ್ರ ಕಟ್ಟೆಯ ಮೇಲೆ ಎಲೆಯಡಿಕೆ ಜಗಿಯುತ್ತಾ ಸುಮ್ಮನೆ ನೋಡುತ್ತಿದ್ದ. ಬಾ ಎಂದವನೂ ಅಲ್ಲ, ಹೋಗು ಎಂದವನೂ ಅಲ್ಲ.

ಓದು ಮುಗಿದು ವರ್ಷ ಕಳೆದಿರಬೇಕು. ಕ್ಲಚ್ ಪ್ಲೇಟ್ ಹಾಕಲೆಂದು ಒಂದು ರವಿವಾರ ಇಂಜಿನ್ನಿನ ಬಲಬದಿಯ ಕವರ್ ಬಿಚ್ಚಲು ಕೂತರು. ಮೊದಲ ಸ್ಕ್ರೂ ಶಿವಾನಂದನ ಕೈಯಲ್ಲಿ ತಲೆ ಸವೆಯಿತು. "ನೀ ನೋಡಲೇ" ಎಂದು ಅವನು ಸರಿದ. ಅಜಿತ ಹಿಡಿದ. ಎರಡನೆಯದೂ ಸವೆಯಿತು, ಮೂರನೆಯದೂ ಸವೆಯಿತು. ಸವೆದ ತಲೆಗೆ ಉಳಿಯಂಥ ಚಾಣ ಇಟ್ಟು ಹೊಡೆದು ತಿರುಗಿಸಲು ಹೋದರೆ, ಚಾಣ ಜಾರಿ ಕವರಿನ ಅಂಚೇ ಸಿಡಿಯಿತು. ಬಿಸಿಲು ನೆತ್ತಿಗೇರಿತ್ತು. ಹೊಟ್ಟೆ ಹಸಿದಿತ್ತು. ಸಿಡಿದ ಚೂರನ್ನು ಎತ್ತಿಕೊಂಡು ಶಿವಾನಂದ ಅಂದ: "ಬಿಡಲೇ. ನಿಮ್ಮ ಮಂದಿ ಕೈಗೆ ನಾಜೂಕ ಕೆಲಸ ಹತ್ತೂದಿಲ್ಲ."

ನಿಮ್ಮ ಮಂದಿ. ಅಷ್ಟೇ.

ಅಜಿತ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಕೈಯನ್ನು ಬನಿಯನ್ನಿಗೆ ಒರೆಸಿಕೊಂಡ. ಒಳಗಿಂದ ಮರೆವ್ವ "ಊಟಕ್ಕ ಏಳ್ರೋ" ಎಂದು ಕೂಗುತ್ತಿದ್ದರೂ ನಿಲ್ಲದೆ ನಡೆದು ಬಸ್ಸು ಹತ್ತಿದ. ಶಿವಾನಂದ ಒಂದೆರಡು ಸಲ ಫೋನ್ ಮಾಡಿದ, ಇವನು ಎತ್ತಲಿಲ್ಲ. ಆಮೇಲೆ ಅವನೂ ಬಿಟ್ಟ. ಹೀಗೇ ಏಳೆಂಟು ವರ್ಷ ಸರಿದವು. ಇವನಿಗೆ ದವಾಖಾನೆಯ ಕೆಲಸ ಸಿಕ್ಕಿತು, ಮದುವೆಯಾಯಿತು, ಗೋಕಾಕಿನಲ್ಲೇ ಬಾಡಿಗೆ ಮನೆ ಹಿಡಿದ. ಆ ಮಾತು ಮಾತ್ರ ಮೈಯೊಳಗೆ ಮುರಿದು ಉಳಿದ ಮುಳ್ಳಿನಂತೆ ಇತ್ತು. ಅದರಲ್ಲಿ ಅವನಿಗೆ ಎಲ್ಲಕ್ಕಿಂತ ನಾಚಿಕೆ ತರುತ್ತಿದ್ದ ಸಂಗತಿಯೆಂದರೆ, ಮಾತನ್ನು ಅವನು ದ್ವೇಷಿಸುತ್ತಿದ್ದರೂ, ಕೈ ಅದನ್ನು ಅರ್ಧ ನಂಬಿಬಿಟ್ಟಿತ್ತು.

ಸುಮನ್ ಹೋದ ವಾರದಲ್ಲೇ ಅಜಿತ ಆ ಜಪಾನ್ ಅಳತೆಯ ಎರಡು ಸ್ಕ್ರೂಡ್ರೈವರ್ ತರಿಸಿದ. ಎರಡನೇ ನಂಬರಿನದು, ಮೂರನೇ ನಂಬರಿನದು. ಕೊರಿಯರಿನ ಪೊಟ್ಟಣವನ್ನು ಬಿಚ್ಚಿದವಳು ಹೆಂಡತಿ ಆಮ್ರಪಾಲಿ. ಅವಳು ಮೂಡಲಗಿಯ ಒಂದು ಸಾಲೆಯಲ್ಲಿ ಟೀಚರ್. ದಿನವೂ ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ಚಹಾ ಕುಡಿಯುವವರೆಗೆ ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಆದರೆ ಇದನ್ನು ನೋಡಿ ಚಹಾದ ಕಪ್ಪು ಕೆಳಗಿಟ್ಟಳು.

"ಏನ್ರಿ ಇದು? ನಮ್ಮ ಸ್ಕೂಟಿಗೆ ಇಷ್ಟ ದೊಡ್ಡದು ಯಾತಕ್ಕ?"

"ಸ್ಕೂಟಿಗಲ್ಲ."

ಅವಳಿಗೆ ಆ ಕಥೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದ. ಈಗ ಸುಮನ್ ತೋರಿಸಿದ್ದನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿ ಏರಿತು. "ನನ್ನ ಕೈಯಾಗ ಏನೂ ತಪ್ಪಿರಲಿಲ್ಲ ಅಂದಂಗಾತು ನೋಡು. ಅವನ ಕೈಯಾಗೂ ಇರಲಿಲ್ಲ. ಯಾರ ಹಿಡಿದ್ರೂ ಅದು ಕೆಡತಿತ್ತು. ಹೋಗಿ ತೋರಿಸಬೇಕು ಅನಸತೈತಿ."

ಆಮ್ರಪಾಲಿ ಪೂರ್ತಿ ಕೇಳಿಸಿಕೊಂಡಳು. "ಹೋಗಿ ಏನಂತೀರಿ? ನನ್ನ ಕೈ ಚಲೋ ಐತಿ ನೋಡಪಾ ಅಂತೀರೇನು?"

"ಹಂಗಲ್ಲ..."

"ಹಂಗ ಆಕೈತ್ರಿ. ನಿಮ್ಮ ಕೈ ಖರೇನ ಚಲೋ ಇರಲಿಲ್ಲ ಅಂತ ತಿಳೀರಿ. ಮೂರೂ ಸ್ಕ್ರೂ ನೀವ ಕೆಡಿಸಿದ್ರಿ ಅಂತ ತಿಳೀರಿ. ಆವಾಗ ಅವರು ಅಂದ ಮಾತು ಖರೆ ಆಗತಿತ್ತೇನು?"

ಅಜಿತ ಎದ್ದ. ಸ್ಕ್ರೂಡ್ರೈವರುಗಳನ್ನು ಕಪಾಟಿನ ಮೇಲೆ ಎತ್ತಿಟ್ಟ. ಅವಳ ಮಾತು ಸರಿ. ಸರಿಯೆಂದು ಗೊತ್ತಾದ ಮೇಲೂ ಸ್ಕ್ರೂವಿನ ಗುಟ್ಟು ತಿಳಿದದ್ದರಿಂದ ಆದ ಸಮಾಧಾನ ಪೂರಾ ಸುಳ್ಳಲ್ಲ ಎನಿಸುತ್ತಿತ್ತು. ದವಾಖಾನೆಯಲ್ಲಿ ಕೈ ಹಿಂಜರಿಯುವುದು ನಿಂತಿತ್ತು. ಆದರೆ ಎದೆಯೊಳಗಿನದು ಇದ್ದಲ್ಲೇ ಇತ್ತು. ಎರಡೂ ಒಂದೇ ಗಂಟೆಂದು ಇಷ್ಟು ವರ್ಷ ತಿಳಿದಿದ್ದ. ಈಗ ಅವು ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ದವಾಖಾನೆಯ ವಾರ್ಡಿನಲ್ಲಿ ಅಜಿತ ಫ್ಯಾನ್ ಸರಿಮಾಡುತ್ತಾ ಕೆಳಗಿದ್ದ ಅಕ್ಕವ್ವನಿಗೆ "ಸ್ಟೂಲ್ ಗಟ್ಟಿ ಹಿಡೀಬೇ" ಎಂದ. ಬಾಜೂ ಕಾಟಿನಿಂದ ಒಂದು ದನಿ ಕೇಳಿತು.

"ಅದ್ಯಾರಪಾ, ನಮ್ಮ ಅಜ್ಯಾನ ದನಿ ಆತಲ್ಲ?"

ಮರೆವ್ವ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು, ಇನ್ನೊಂದು ಕಣ್ಣೂ ಮಸುಕು. ಜೊತೆಗೆ ಬಂದ ಸೊಸೆ, ಶಿವಾನಂದನ ಹೆಂಡತಿ ಕಾಜಲ್, ಔಷಧ ತರಲು ಕೆಳಗೆ ಹೋಗಿದ್ದಳು. ಅಜಿತ ಇಳಿದು ಬಂದು ಕಾಟಿನ ಬಳಿ ನಿಂತ. ಮುದುಕಿ ಗಾಳಿಯಲ್ಲಿ ತಡವಿ ಅವನ ಮುಂಗೈ ಹಿಡಿದಳು. ಹಿಡಿದದ್ದನ್ನು ಬಿಡಲಿಲ್ಲ.

"ಸೊರಗೀಯಲ್ಲೋ."

"ಇಲ್ಲ ಯವ್ವಾ, ದಪ್ಪ ಆಗೇನ್ರಿ."

"ಕೈ ಸೊರಗೇತಿ. ಎಷ್ಟ ವರ್ಷ ಆತೋ ನೀ ಮನಿ ಕಡೆ ಬಂದು? ಆ ಗಾಡಿ ಅಲ್ಲೇ ನಿಂತೈತಿ. ಕೋಳಿ ಏರಿ ಮಲಗತಾವ. ಮಾರು ಅಂದ್ರ ಮಾರಂಗಿಲ್ಲ, ರಿಪೇರಿ ಮಾಡಸು ಅಂದ್ರ ಮಾಡಸಂಗಿಲ್ಲ ಅಂವ. ಗುಜರಿಯವ ಬಂದ್ರ ಬೈದು ಕಳಸ್ತಾನ." ಮುದುಕಿ ದನಿ ತಗ್ಗಿಸಿದಳು. "ನಮ್ಮ ಮನ್ಯಾಗ ಯಾರರ ನಿನಗ ಏನರ ಅಂದ್ರೇನಪಾ?"

"ಏನಿಲ್ರಿ ಯವ್ವಾ. ಕೆಲಸದಾಗ ಬರಾಕ ಆಗಲಿಲ್ಲ."

ಹಾಗೆಂದು ವಾರ್ಡಿನಿಂದ ಹೊರಬಿದ್ದವನು ಮೆಟ್ಟಿಲ ತಿರುವಿನಲ್ಲಿ ನಿಂತುಬಿಟ್ಟ. ಮುದುಕಿಯ ಮುಂದೆ ಸುಳ್ಳು ಹೇಳಿದ್ದು ಯಾರನ್ನು ಕಾಯಲಿಕ್ಕೆ? ಅಂದವನು ಹಗುರಾಗಿ ತಿರುಗಾಡುತ್ತಿದ್ದಾನೆ, ಕೇಳಿಸಿಕೊಂಡವನು ಅದನ್ನು ಹೊತ್ತುಕೊಂಡು ಅಂದವನ ಮರ್ಯಾದೆಯನ್ನೂ ಕಾಯುತ್ತಿದ್ದಾನೆ. ಈ ಕೂಲಿ ಇನ್ನು ಸಾಕು ಅನ್ನಿಸಿತು ಅವನಿಗೆ.

ರವಿವಾರ ಬೆಳಗ್ಗೆ ಕಪಾಟಿನ ಮೇಲಿನ ಸ್ಕ್ರೂಡ್ರೈವರ್ ಇಳಿಸಿದಾಗ ಆಮ್ರಪಾಲಿ ತಡೆಯಲಿಲ್ಲ. "ಹೋಗಿ ಬರ್ರಿ. ಆದ್ರ ಮೊದಲ ಮಾತಾಡ್ರಿ, ಆಮ್ಯಾಲ ಸ್ಕ್ರೂ ಬಿಚ್ರಿ" ಎಂದಳು ಅಷ್ಟೇ.

ಮೇಲವಂಕಿಯ ಆ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದಾಗ ಶಿವಾನಂದ ಟ್ರ್ಯಾಕ್ಟರಿನ ಟೈರಿಗೆ ಗಾಳಿ ತುಂಬುತ್ತಿದ್ದ. ತಲೆಯ ಮುಂದಿನ ಕೂದಲು ಉದುರಿತ್ತು, ಹೊಟ್ಟೆ ಬಂದಿತ್ತು. ಇವನನ್ನು ನೋಡಿ ಪಂಪು ಬಿಟ್ಟು ಎದ್ದು ನಿಂತ.

"ಬಾರಲೇ..." ಎಂದವನು ತಡವರಿಸಿ, "ಬಾರಪಾ" ಎಂದು ತಿದ್ದಿಕೊಂಡ.

ಮಾಳಪ್ಪ ಅದೇ ಕಟ್ಟೆಯ ಮೇಲೆ ಕೂತಿದ್ದ. ಈಗ ಮೈ ಸಣ್ಣಗಾಗಿ, ಕೈಯಲ್ಲಿ ಕೋಲು ಬಂದಿತ್ತು. ಅಜಿತ "ಆರಾಮ ಅದೀರಿ ಕಾಕಾ?" ಎಂದರೆ ಬರೀ ತಲೆಯಾಡಿಸಿದ. ಕಾಜಲ್ ನೀರು ತಂದುಕೊಟ್ಟಳು. ಮರೆವ್ವ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಿಗೆ ಬಂದು, "ನಾ ಹೇಳಲಿಲ್ಲೇನು, ಬರ್ತಾನಂತ" ಎಂದು ಒಳಗೆ ಹೋದಳು.

ಹೆಂಡತಿಯ ಮಾತು ನೆನಪಿತ್ತು. ಆದರೆ ಮಾತಿಗಿಂತ ಕೆಲಸ ಸಲೀಸು. ಅಜಿತ ಕೊಟ್ಟಿಗೆಗೆ ಹೋಗಿ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಧೂಳು, ಕೋಳಿಯ ಹಿಕ್ಕೆ, ತುಕ್ಕು. ಕವರಿನ ಸಿಡಿದ ಅಂಚಿಗೆ ಜೇಡ ಬಲೆ ಕಟ್ಟಿತ್ತು. ಸವೆದ ಮೂರು ಸ್ಕ್ರೂಗಳ ತಲೆಗಳು ಕಪ್ಪಗೆ ಗುಂಡಗಾಗಿ ಕೂತಿದ್ದವು. ಉಳಿದವನ್ನು ಅವತ್ತು ಯಾರೂ ಮುಟ್ಟಿರಲಿಲ್ಲ. ಬಟ್ಟೆಯಿಂದ ಒಂದನ್ನು ಒರೆಸಿ, ಮೊಳೆಯಿಂದ ಸಂದಿನ ಮಣ್ಣು ಕೆದಕಿದ. ತಲೆಯ ಒಂದು ಮಗ್ಗುಲಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿ ಕಂಡಿತು.

"ಬಾ ಇಲ್ಲಿ. ಇದನ್ನ ನೋಡು."

ಶಿವಾನಂದ ಬಂದು ಬಗ್ಗಿದ. ಅಜಿತ ಸುಮನ್ ಹೇಳಿದ್ದನ್ನೆಲ್ಲ ಹೇಳಿದ. ಮೊದಲು ಎರಡನೇ ನಂಬರಿನದನ್ನು ಇಟ್ಟ. ಸ್ವಲ್ಪ ಅಲುಗಿತು. ತೆಗೆದ. ಮೂರನೆಯದನ್ನು ಇಟ್ಟ. ಅದು ಒಳಗಿಳಿದು ಕಚ್ಚಿ ಕೂತಿತು. "ತಿರುವೂದಕ್ಕಿಂತ ಒತ್ತೂದು ಹೆಚ್ಚಿರಬೇಕು" ಎನ್ನುತ್ತಾ ಮೈಯ ಭಾರವನ್ನೆಲ್ಲ ಅಂಗೈಗೆ ಕೊಟ್ಟು ಮೆಲ್ಲಗೆ ತಿರುಗಿಸಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಟಕ್ ಎಂದಿತು. ಸ್ಕ್ರೂ ಹೊರಳಿತು, ತಲೆಗೆ ಒಂದು ಗೀರೂ ಬೀಳದೆ.

"ಎಲಾ ಇವನ!" ಶಿವಾನಂದನ ಮುಖವೆಲ್ಲ ಅರಳಿತು. "ಕೊಡಿಲ್ಲಿ, ನಾ ನೋಡ್ತೀನಿ." ಇನ್ನೊಂದನ್ನು ಅವನು ಬಿಚ್ಚಿದ. ಅದೂ ಬಂತು. ಅಂಗೈ ಮೇಲೆ ಸ್ಕ್ರೂ ಹೊರಳಾಡಿಸುತ್ತಾ ನಕ್ಕ. "ಅಂದ್ರ ನಂದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ! ಇಷ್ಟಕ್ಕ ಇಷ್ಟ ವರ್ಷ ಸಿಟ್ಟು ಹಿಡಕೊಂಡು ಕುಂತೆವಲ್ಲೋ ಇಬ್ಬರೂ! ಕವರ್ ಒಡೀತು ಅಂತ ನೀ ಎದ್ದು ಹೋದಿ. ನಾನೂ ಹೋಗಲಿ ಬಿಡು ಅಂದೆ."

ಅಜಿತ ಅವನ ಮುಖವನ್ನೇ ನೋಡಿದ. ಆ ನಗುವಿನಲ್ಲಿ ಕಪಟವಿರಲಿಲ್ಲ. ಅವನಿಗೆ ಭಯವಾದದ್ದು ಅದಕ್ಕೇ.

"ಕವರ್ ಒಡದದ್ದಕ್ಕ ನಾ ಹೋಗಲಿಲ್ಲ."

"ಮತ್ಯಾಕ?"

"ನೀ ಅಂದದ್ದಕ್ಕ."

"ನಾ ಏನಂದೆ?"

ಅಜಿತ ಆ ಮಾತನ್ನು ಇದ್ದದ್ದು ಇದ್ದಂತೆಯೇ ಹೇಳಿದ. ಏಳೆಂಟು ವರ್ಷ ಒಳಗಿದ್ದ ಮಾತು ಹೊರಗೆ ಬಂದಾಗ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಅವನಿಗೇ ಅಚ್ಚರಿಯಾಯಿತು.

ಶಿವಾನಂದನ ನಗು ಮುಖದ ಮೇಲೇ ನಿಂತಿತು. "ನಾ ಹಂಗ ಅಂದೇನಿ? ಇಲ್ಲಲೇ. ಕೆಲಸ ಬರಂಗಿಲ್ಲ ಅಂತ ಅಂದಿರಬೇಕು. ಸಿಟ್ಟಿನ್ಯಾಗ ಏನರ ಅಂದಿರಬೇಕು. ಆ ಮಾತು... ನಿನಗ ನಾ ಆ ಮಾತು ಅಂತೇನೇನು? ನೀ ತಪ್ಪು ಕೇಳಿರಬೇಕು."

ಶಿವಾನಂದ ಒಪ್ಪಿಕೊಳ್ಳಬಹುದು, ಜಗಳವಾಡಬಹುದು, ಮಾಫಿ ಕೇಳಬಹುದು ಎಂದೆಲ್ಲ ಅಜಿತ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಅವನು ಮರೆತೇಬಿಟ್ಟಿರಬಹುದು ಎಂಬುದೊಂದನ್ನು ಬಿಟ್ಟು. ಸ್ಕ್ರೂಡ್ರೈವರ್ ಎತ್ತಿಕೊಂಡು ಏಳಬೇಕೆಂದು ನೆಲಕ್ಕೆ ಕೈಯೂರಿದ.

"ಅಂದಿ."

ಕಟ್ಟೆಯ ಮೇಲಿಂದ ಬಂದ ದನಿ. ಮಾಳಪ್ಪ ಕೋಲಿನ ಮೇಲೆ ಗದ್ದವಿಟ್ಟುಕೊಂಡು ಇತ್ತಲೇ ನೋಡುತ್ತಿದ್ದ.

"ಅಂದಿ ನೀನು. ನಾ ಇಲ್ಲೇ ಕುಂತಿದ್ನಿ. ಈ ಹುಡುಗ ಕೈ ಒರಸಕೊಂಡು ಎದ್ದು ಹೋದದ್ದೂ ನೋಡೇನಿ."

"ಮತ್ತ ನೀ ನನಗ ಏನೂ ಅನ್ನಲಿಲ್ಲಲ್ಲಪಾ?" ಎಂದ ಶಿವಾನಂದ.

"ನನಗ ಆವಾಗ ಅದು ತಪ್ಪು ಮಾತು ಅನಸಲಿಲ್ಲ" ಎಂದ ಮುದುಕ. ಬಾಯೊಳಗಿನ ಎಲೆ ಉಗುಳಿ ಬಂದು ಮತ್ತೆ ಕೂತ.

ಶಿವಾನಂದ ಎದ್ದು ಕೊಟ್ಟಿಗೆಯ ಹಿಂದಕ್ಕೆ ಹೋದ. ಎಮ್ಮೆಯೊಂದರ ಮುಂದೆ ನಿಂತು, ಇದ್ದ ಮೇವನ್ನೇ ಸರಿಸಿ ಸರಿಸಿ ಹಾಕಿದ. ಅಜಿತ ಕೂತೇ ಇದ್ದ. ಹೋಗಿಬಿಡಬೇಕೆಂಬ ಆತುರ ಇಳಿದಿತ್ತು. ಮಾತು ಇನ್ನು ತನ್ನೊಬ್ಬನದಲ್ಲ. ಅದು ಈ ಕೊಟ್ಟಿಗೆಯಲ್ಲಿ ಆಡಿದ್ದು, ಈಗ ಈ ಕೊಟ್ಟಿಗೆಯಲ್ಲೇ ಎಲ್ಲರೆದುರು ಬಿದ್ದಿದೆ.

ಶಿವಾನಂದ ವಾಪಸು ಬಂದಾಗ ಅವನ ಕಣ್ಣುಗಳು ಕೆಂಪಾಗಿದ್ದವು. ನಿಂತುಕೊಂಡೇ ಹೇಳಿದ: "ನನಗ ಖರೇನ ನೆನಪಿಲ್ಲೋ ಅಜಿತ. ಅಂದದ್ದಲ್ದ ಮರತೇನಿ ಅಂದ್ರ ಅದು ಇನ್ನೂ ಕೆಟ್ಟದ್ದು. ಅಂದ ಮಾತು ನೆನಪಿಡೂವಷ್ಟೂ ನನಗ ಅದು ಭಾರ ಆಗಿಲ್ಲ ಅಂತ ಅರ್ಥ. ಏನ್ ಹೇಳಬೇಕಂತ ತಿಳೀವಲ್ದು. ತಪ್ಪಾತು ಅಂದ್ರ ಸಣ್ಣದಾಕೈತಿ."

"ಸಣ್ಣದಾದ್ರೂ ಅನ್ನು" ಎಂದ ಅಜಿತ.

"ತಪ್ಪಾತು."

ಅವತ್ತು ಅಜಿತ ಊಟಕ್ಕೆ ನಿಲ್ಲಲಿಲ್ಲ. ಮರೆವ್ವನಿಗೆ ಇನ್ನೊಮ್ಮೆ ಬರುತ್ತೇನೆ ಎಂದ. ಆದರೆ ಉಳಿದ ಸ್ಕ್ರೂಗಳನ್ನೆಲ್ಲ ಇಬ್ಬರೂ ಸೇರಿ ಬಿಚ್ಚಿದರು, ಮಾತು ಹೆಚ್ಚಿಲ್ಲದೆ, ಒಬ್ಬರ ಕೈಯಿಂದ ಒಬ್ಬರ ಕೈಗೆ ಸ್ಕ್ರೂಡ್ರೈವರ್ ದಾಟಿಸುತ್ತಾ. ಸವೆದ ಮೂರು ಮಾತ್ರ ಯಾವ ಸ್ಕ್ರೂಡ್ರೈವರಿಗೂ ಬಗ್ಗುವಂತಿರಲಿಲ್ಲ.

ಮುಂದಿನ ರವಿವಾರಗಳಲ್ಲಿ ಅಜಿತ ಬಂದ, ಒಮ್ಮೆ ತಪ್ಪಿಸಿದ, ಮತ್ತೆ ಬಂದ. ಕಾರ್ಬೊರೇಟರ್ ತೊಳೆದರು, ಟೈರು ಬದಲಿಸಿದರು. ಆ ಮೂರು ಸ್ಕ್ರೂಗಳಿಗಾಗಿ ಗಾಡಿಯನ್ನು ಸಣ್ಣ ಟೆಂಪೋದಲ್ಲಿ ಹಾಕಿಕೊಂಡು ಹುಕ್ಕೇರಿಯ ಮಾಲಿಂಗಪ್ಪನ ಲೇಥ್ ಅಂಗಡಿಗೆ ಒಯ್ದರು. ಮಾಲಿಂಗಪ್ಪ ಬಾಯಿ ಹರಿತದ ಮನುಷ್ಯ. ಕವರಿನ ಮುಂದೆ ಬಗ್ಗಿ ನೋಡಿದವನೇ, "ಯಾರಪಾ ಇದನ್ನ ಬಿಚ್ಚಾಕ ಹೋದವರು? ಕೈಯಾಗ ಸ್ಕ್ರೂಡ್ರೈವರ್ ಹಿಡದಿದ್ರೋ ಕೊಡ್ಲಿ ಹಿಡದಿದ್ರೋ?" ಎಂದ.

ಶಿವಾನಂದ ಅಜಿತನ ಕಡೆ ನೋಡಲೂ ಇಲ್ಲ. "ಮೊದಲನೇದು ನಂದ್ರಿ" ಎಂದ. "ಅದನ್ನ ಕೆಡಸಿದ ಮ್ಯಾಲ ಇವನ ಕೈಗೆ ಕೊಟ್ಟೆ. ಸ್ಕ್ರೂಡ್ರೈವರ್ ತಪ್ಪಿತ್ರಿ, ನಮಗ ಗೊತ್ತಿರಲಿಲ್ಲ."

"ಗೊತ್ತಿಲ್ಲದ್ದಕ್ಕ ಕೇಳಬೇಕು, ಬಡೀಬಾರದು" ಎನ್ನುತ್ತಾ ಮಾಲಿಂಗಪ್ಪ ಡ್ರಿಲ್ ಹಚ್ಚಿದ. ಸವೆದ ತಲೆಗಳು ಒಂದೊಂದಾಗಿ ಉದುರಿದವು. ಕವರ್ ಕೈಗೆ ಬಂತು. ತಲೆ ಹೋಗಿ ಉಳಿದ ಸ್ಕ್ರೂಗಳನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಏನೂ ಹಟವಿಲ್ಲದೆ ಹೊರಬಂದವು. ಹೊಸ ಪ್ಯಾಕಿಂಗ್, ಹೊಸ ಪ್ಲೇಟ್, ಹೊಸ ಕವರ್ ಹಾಕಿ, ಅಲ್ಲೇ ಚಪ್ಪರದ ನೆರಳಲ್ಲಿ ಕೂತು ಬಿಗಿದರು. ಹತ್ತಾರು ಕಿಕ್ ಒದ್ದ ಮೇಲೆ ಗಾಡಿ ಕೆಮ್ಮಿ, ಹೊಗೆ ಕಾರಿ, ಹಳೆಯ ದನಿ ತೆಗೆಯಿತು. ಮಾಲಿಂಗಪ್ಪನೂ ಹೊರಗೆ ಬಂದು ನಿಂತು ಕೇಳಿದ.

ವಾಪಸು ಬರುವಾಗ ಘೋಡಗೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ನದಿಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಶಿವಾನಂದ ಬಸಿಯಲ್ಲಿ ಚಹಾ ಆರಿಸುತ್ತಾ ಕೇಳಿದ: "ಈ ವಾರ ಗಾಡಿ ನಿನ್ನ ಕಡೆ ಇರಲೇನು? ಮೊದಲಿನಂಗ?"

"ಮೊದಲಿನಂಗ ಆಗಂಗಿಲ್ಲ" ಎಂದ ಅಜಿತ. ಕಹಿಯಾಗಿ ಅಲ್ಲ, ಇದ್ದ ಸಂಗತಿ ಹೇಳುವಂತೆ. "ಆವಾಗ ನಾ ನಿಮ್ಮ ಮನ್ಯಾಗ ಉಂಡೆ, ಮಲಗಿದೆ. ನೀ ಅಂಕಲಗಿಗೆ ಬಂದ್ರ ರೋಡ್ ಮ್ಯಾಲ ನಿಂತು ಹಾರ್ನ್ ಹೊಡೀತಿದ್ದಿ, ನಮ್ಮ ಮನಿ ಒಳಗ ಕಾಲಿಡಲಿಲ್ಲ. ನಾನೂ ಅದನ್ನ ಎಂದೂ ಲೆಕ್ಕಕ್ಕ ಹಿಡೀಲಿಲ್ಲ. ಆಮ್ರಪಾಲಿ ಹೇಳಿದ ಮ್ಯಾಲ ನೋಡಾಕತ್ತೇನಿ."

ಶಿವಾನಂದ ಬಸಿ ಕೆಳಗಿಟ್ಟ. ಇಲ್ಲ ಅನ್ನಲಿಲ್ಲ.

"ನಿಮ್ಮ ಮನಿ ಅಕ್ಕಾರು ಇನ್ನೇನ್ ಅಂತಾರ?"

"ನೀ ನನ್ನ ಮುಂದ ತಪ್ಪಾತು ಅಂದದ್ದು ಆಕಿಗೆ ಸಾಕಾಗಿಲ್ಲ. ಆಕಿಗೆ ನಿನ್ನ ಕೇಳೂದು ಐತಿ."

"ಏನ್ ಕೇಳತಾರ?"

"ನನಗೇನ್ ಗೊತ್ತು. ಆಕೀನ ಕೇಳಬೇಕು."

ಶಿವಾನಂದ ತನ್ನ ಕೈ, ಅಂಗಿ ನೋಡಿಕೊಂಡ. ಬೆಳಗ್ಗೆಯಿಂದ ಮೈಕೈಯೆಲ್ಲ ಎಣ್ಣೆ, ಅಂಗಿಯ ಮೇಲೆ ಡ್ರಿಲ್ಲಿನ ಪುಡಿ. ಇವತ್ತು ಬೇಡ, ಸ್ನಾನ ಮಾಡಿ ಇನ್ನೊಂದು ದಿನ ಬರುತ್ತೇನೆ ಎನ್ನುತ್ತಾನೆ ಎಂದುಕೊಂಡ ಅಜಿತ. ಅಂದರೆ ಅದನ್ನೂ ಒಪ್ಪಲು ತಯಾರಾಗಿದ್ದ.

"ನಡಿ, ಈಗ ಹೋಗೂಣು. ನಾಳಿ ಅಂದ್ರ ನನ್ನ ಧೈರ್ಯ ಹೋಕೈತಿ" ಎಂದ ಶಿವಾನಂದ.

ಗೋಕಾಕಿನ ಮನೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಗಾಡಿಯ ಸದ್ದಿಗೆ ಓಣಿಯ ಒಂದೆರಡು ಮಂದಿ ಇಣುಕಿದರು. ಆಮ್ರಪಾಲಿ ಬಾಗಿಲಿಗೆ ಬಂದು ನೋಡಿದಳು. ಮೊದಲು ಗಂಡನನ್ನು, ಆಮೇಲೆ ಅವನ ಹಿಂದೆ ಚಪ್ಪಲಿ ಬಿಡಲೋ ಬೇಡವೋ ಎಂಬಂತೆ ಹೊಸ್ತಿಲಾಚೆ ನಿಂತವನನ್ನು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಮಕ್ಕಳ ಪರೀಕ್ಷೆಯ ದಿನ ಸಾಲೆಗೆ ಹೊರಡುವಾಗ ಇರುತ್ತಿದ್ದಂಥ ಮುಖ.

"ಶಿವಾನಂದ ಅವ್ರು ಅಲ್ರಿ? ಒಳಗ ಬರ್ರಿ. ಕೈ ತೊಳ್ಕೋರಿ, ಸಾಬಣ ಅಲ್ಲೈತಿ."

ಅವನು ಕೈ ತೊಳೆದು ಬಂದ. ಅವಳು ಒಂದು ಕುರ್ಚಿಯನ್ನು ಅವನ ಕಡೆ ಸರಿಸಿದಳು, ಇನ್ನೊಂದನ್ನು ಎದುರಿಗೆ ಎಳೆದು ತಾನೇ ಕೂತಳು. ಅಜಿತ ಇಬ್ಬರ ನಡುವೆ ಕೂರಲು ಹೋದವನು ಯಾಕೋ ನಿಂತ. ಈ ಮಾತಿನಲ್ಲಿ ತನಗೆ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ ಎನಿಸಿತು. ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋದ. ಗ್ಯಾಸ್ ಹಚ್ಚುವಾಗ ಹಿಂದಿನಿಂದ ಅವಳ ದನಿ ಕೇಳಿಸಿತು, ಮೆಲ್ಲಗೆ, ಸ್ಪಷ್ಟವಾಗಿ.

"ಹೂಂ. ಅವತ್ತಿಂದು ಇವರ ಬಾಯಿಂದ ಕೇಳೇನಿ. ಈಗ ನೀವು ಹೇಳ್ರಿ. ನಾ ಕೇಳ್ತೀನಿ."